ಮಾಂತ್ರಿಕರ ನಾಡಿನಲ್ಲಿ ಅಡುಗೆ ಮಾಡುವವರು ಯಾರು?

ಮಾಂಸದ ಸಾರು ಹದವಾಗಿ ಬೇಯಲು ಎಷ್ಟು ಹೊತ್ತು ಬೇಕು ಎನ್ನುವುದು ಸಾಹಿತ್ಯ ವಿಮರ್ಶೆಯ ಪ್ರಶ್ನೆಯಾಗಬಹುದೆಂದು ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ. ರಸ, ಧ್ವನಿ, ಔಚಿತ್ಯ ಎಂದೆಲ್ಲ ಓದಿದೆವು. ಒಲೆಯ ಮೇಲಿನ ಪಾತ್ರೆಯ ಬಗ್ಗೆ ಯಾವ ಮೀಮಾಂಸಕನೂ ಬಾಯಿಬಿಟ್ಟದ್ದಿಲ್ಲ. ಆ ಪ್ರಶ್ನೆಯನ್ನು ಕೇಳಿದವಳು ಇಂಗ್ಲೆಂಡಿನ ಲೇಖಕಿ ಡಯಾನಾ ವಿನ್ ಜೋನ್ಸ್. 1996ರಲ್ಲಿ ಬಂದ ಆಕೆಯ ‘ದಿ ಟಫ್ ಗೈಡ್ ಟು ಫ್ಯಾಂಟಸಿಲ್ಯಾಂಡ್’ ಎಂಬ ಪುಸ್ತಕ ನೋಡಲು ಪ್ರವಾಸಿಗರ ಕೈಪಿಡಿಯ ಹಾಗಿದೆ. ಅಕಾರಾದಿಯಾಗಿ ಒಂದೊಂದು ಪದ, ಅದಕ್ಕೊಂದು ವಿವರಣೆ. ಊಟಿಗೋ ಕೊಡೈಕೆನಾಲಿಗೋ ಹೊರಟವರು ಚೀಲದಲ್ಲಿಟ್ಟುಕೊಳ್ಳುವ ಪುಸ್ತಕದಂತೆ. ಆದರೆ ಹೋಗಬೇಕಾದ ಊರು ಮಾತ್ರ ಭೂಮಿಯ ಮೇಲಿಲ್ಲ. ಕತ್ತಿ, ಮಂತ್ರದಂಡ, ಡ್ರ್ಯಾಗನ್ನುಗಳಿರುವ ಕಾದಂಬರಿಗಳ ನಾಡು ಅದು.

ಈ ಕಾದಂಬರಿಗಳನ್ನು ನಮ್ಮ ಮನೆಗಳಿಗೆ ತರುವವರು ಹೆಚ್ಚಾಗಿ ಮಕ್ಕಳು. ಮೂರು ಸಂಪುಟಕ್ಕೆ ಕಡಿಮೆಯಿಲ್ಲ, ಒಂದೊಂದೂ ಇಟ್ಟಿಗೆಯಷ್ಟು ದಪ್ಪ. ಟೋಲ್ಕಿನ್ ಬರೆದ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ 1954-55ರಲ್ಲಿ ಪ್ರಕಟವಾಯಿತು. ಹತ್ತಿಪ್ಪತ್ತು ವರ್ಷಗಳಲ್ಲಿ ಅದರ ನೆರಳಿನಲ್ಲಿ ನೂರಾರು ಕಾದಂಬರಿಗಳು ಹುಟ್ಟಿಕೊಂಡವು. ಟೋಲ್ಕಿನ್ ಭಾಷಾಶಾಸ್ತ್ರದ ವಿದ್ವಾಂಸ. ಬದುಕಿನ ಬಹುಭಾಗ ಕುಳಿತು ಆ ಲೋಕಕ್ಕೆ ಭಾಷೆ, ಇತಿಹಾಸ, ವಂಶಾವಳಿ ಎಲ್ಲ ಕಟ್ಟಿದ. ಹಿಂದೆ ಬಂದವರಲ್ಲಿ ಅನೇಕರು ಅವನ ಮನೆಯ ಸಾಮಾನನ್ನು ಎತ್ತಿಕೊಂಡು ಬಂದು ತಮ್ಮ ಮನೆಯಲ್ಲಿ ಜೋಡಿಸಿದರು. ಅದೇ ಕೇಡಿಗ ದೊರೆ, ಅದೇ ಗಡ್ಡದ ಮುದುಕ, ತಾನು ರಾಜಕುಮಾರನೆಂದು ತಿಳಿಯದೆ ಹಳ್ಳಿಯಲ್ಲಿ ಬೆಳೆಯುವ ಅದೇ ಅನಾಥ ಹುಡುಗ.

ಇದನ್ನು ಜೋನ್ಸ್ ಬೈದು ಹೇಳಲಿಲ್ಲ. ಪ್ರವಾಸ ಕಂಪನಿಯ ಏಜೆಂಟಳ ಹಾಗೆ ನಗುಮುಖದಿಂದ ಮಾಹಿತಿ ಕೊಟ್ಟಳು. ಪುಸ್ತಕದ ಮೊದಲ ಪುಟದಲ್ಲಿರುವ ನಕಾಶೆಯನ್ನು ಚೆನ್ನಾಗಿ ನೋಡಿಕೊಳ್ಳಿ, ಅದರಲ್ಲಿ ಗುರುತು ಮಾಡಿದ ಪ್ರತಿಯೊಂದು ಜಾಗಕ್ಕೂ ನಿಮ್ಮನ್ನು ಎಳೆದೊಯ್ಯದೆ ಬಿಡುವುದಿಲ್ಲ ಎನ್ನುತ್ತಾಳೆ. ಇಂಥ ಎರಡು ಕಾದಂಬರಿ ಓದಿದವರಿಗೂ ಇಲ್ಲಿ ನಗು ಬರುತ್ತದೆ. ಕುದುರೆಗಳ ವಿಷಯಕ್ಕೆ ಬಂದರೆ, ಅವು ಹಗಲಿಡೀ ನಾಗಾಲೋಟದಲ್ಲಿ ಓಡಿದರೂ ದಣಿಯುವುದಿಲ್ಲ, ಕುಂಟುವುದಿಲ್ಲ, ಲಾಳ ಕಳಚುವುದಿಲ್ಲ. ಹೆಣ್ಣು ಗಂಡು ಎಂಬ ಭೇದವೂ ಕಾಣದ ಕಾರಣ ಅವು ಹೂವುಗಳ ಹಾಗೆ ಪರಾಗಸ್ಪರ್ಶದಿಂದಲೇ ಸಂತಾನ ಬೆಳೆಸುತ್ತಿರಬೇಕೆಂದು ಆಕೆಯ ತೀರ್ಮಾನ. ಆ ನಾಡಿನಲ್ಲಿ ಯಾರೂ ಕಾಲುಚೀಲ ಹಾಕುವುದಿಲ್ಲ, ಬರಿಗಾಲನ್ನೇ ಬೂಟಿಗೆ ತೂರಿಸುತ್ತಾರೆ ಎಂಬುದೂ ಆಕೆಯ ಕಣ್ಣಿಗೆ ಬಿದ್ದಿದೆ. ಮನೆಯಲ್ಲಿ ನಾಲ್ಕು ಜನರ ಕಾಲುಚೀಲ ಜೋಡಿ ಮಾಡಿದವಳಿಗಲ್ಲದೆ ಇನ್ನಾರಿಗೆ ಇದು ಹೊಳೆದೀತು?

ಇನ್ನು ಆ ಸಾರಿನ ವಿಷಯ. ಇಂಗ್ಲಿಷರು ಸ್ಟ್ಯೂ ಎನ್ನುವ, ಮಾಂಸ ತರಕಾರಿ ಹಾಕಿ ಸಣ್ಣ ಉರಿಯಲ್ಲಿ ಬಹಳ ಹೊತ್ತು ಬೇಯಿಸುವ ಗಟ್ಟಿ ಸಾರು. ಫ್ಯಾಂಟಸಿ ನಾಡಿನಲ್ಲಿ ಮೂರು ಹೊತ್ತೂ ಅದೇ ಊಟ. ಬಿಡಾರ ಹೂಡಿದಲ್ಲಿ ಯಾವ ಗಳಿಗೆಯಲ್ಲಾದರೂ ವೈರಿಗಳು ಮೇಲೆ ಬೀಳಬಹುದು. ಛತ್ರದಲ್ಲಿ ಕೂತರೆ ಅಲ್ಲಿ ಹೊಡೆದಾಟ. ಇಂಥ ಕಡೆ ದಿಢೀರನೆ ಆಗುವ ತಿಂಡಿ ಬಿಟ್ಟು, ಗಂಟೆಗಟ್ಟಲೆ ಒಲೆಯ ಮೇಲಿರಬೇಕಾದ ಪದಾರ್ಥವನ್ನೇ ಇವರು ಆರಿಸಿಕೊಂಡದ್ದೇಕೆ ಎಂದು ಜೋನ್ಸ್ ಮುಗ್ಧವಾಗಿ ಕೇಳುತ್ತಾಳೆ.

ಕೈಪಿಡಿಯಲ್ಲಿ ಇದು ಕೆಲವೇ ಸಾಲಿನ ತಮಾಷೆ. ನನಗೆ ಮಾತ್ರ ಇಡೀ ಪುಸ್ತಕದ ತಿರುಳು ಇಲ್ಲಿಯೇ ಇದೆ ಅನ್ನಿಸುತ್ತದೆ. ನಾಯಕ ದಿನವೆಲ್ಲ ಕುದುರೆ ಓಡಿಸಿ ಇಳಿದ. ಮುಂದಿನ ಸಾಲಿನಲ್ಲಿ ಅವನ ಕೈಯಲ್ಲಿ ಬಿಸಿ ಬಟ್ಟಲು. ನಡುವೆ ಸೌದೆ ತಂದವರು ಯಾರು? ಈರುಳ್ಳಿ ಹೆಚ್ಚಿದವರು, ನೀರು ಹೊತ್ತವರು ಯಾರು? ಉಂಡ ಮೇಲೆ ತಳ ಹಿಡಿದ ಪಾತ್ರೆ ಉಜ್ಜಿದವರು? ಲೇಖಕನಿಗೆ ಇದು ಗೊತ್ತಿಲ್ಲ. ಗೊತ್ತಿಲ್ಲ ಎನ್ನುವುದೂ ಅವನಿಗೆ ಗೊತ್ತಿಲ್ಲ, ಏಕೆಂದರೆ ಅವನ ಸ್ವಂತ ಮನೆಯಲ್ಲೂ ಊಟ ಹೀಗೆಯೇ ಎರಡು ಸಾಲುಗಳ ನಡುವೆ ಬಂದುಬಿಡುತ್ತಿತ್ತು. ಅವನು ಮಂತ್ರದಂಡವನ್ನು ಕಲ್ಪಿಸಿಕೊಂಡನೇ ಹೊರತು ಅಡುಗೆಮನೆಯನ್ನು ಕಲ್ಪಿಸಿಕೊಳ್ಳಲಿಲ್ಲ. ಅಡುಗೆಮನೆಯನ್ನು ಮರೆತ ಕಲ್ಪನೆ ಎಷ್ಟು ದೂರ ಹಾರಿದರೂ ಅರ್ಧ ರೆಕ್ಕೆಯದೇ. ನಮ್ಮ ಅಜ್ಜಿಯರ ಕತೆಗಳಲ್ಲಿ ಈ ದೋಷ ಕಡಿಮೆ. ಎ.ಕೆ. ರಾಮಾನುಜನ್ ಸಂಗ್ರಹಿಸಿದ ‘ಹಂಚಿ’ಯ ಕತೆಯನ್ನೇ ನೋಡಿ. ಮಣ್ಣಿನ ಮುಖವಾಡದ ಹಿಂದೆ ಚೆಲುವನ್ನು ಅಡಗಿಸಿಕೊಂಡು ಪರರ ಮನೆಯಲ್ಲಿ ದುಡಿಯುವ ಹುಡುಗಿಯ ಕೈರುಚಿ ಅಲ್ಲಿ ಕತೆಯ ಭಾಗವೇ ಆಗಿದೆ. ಹೇಳಿದವರು ಅಡುಗೆ ಮಾಡುತ್ತಿದ್ದವರು, ಹಾಗಾಗಿ ಬಿಟ್ಟುಹೋಗಲಿಲ್ಲ.

ಇಷ್ಟೆಲ್ಲ ಗೇಲಿ ಮಾಡುವವಳಿಗೆ ಆ ಪ್ರಕಾರದ ಮೇಲೆ ತಾತ್ಸಾರವಿತ್ತೇ? ಇರಲಿಲ್ಲ. ಆಕೆ ಆ ಕೇರಿಯವಳೇ. 1934ರಲ್ಲಿ ಹುಟ್ಟಿ 2011ರಲ್ಲಿ ತೀರಿಕೊಂಡ ಆಕೆ ಬದುಕಿನುದ್ದಕ್ಕೂ ಬರೆದದ್ದು ಮಾಟಮಂತ್ರದ ಕತೆಗಳನ್ನೇ. ಆಕ್ಸ್‌ಫರ್ಡಿನಲ್ಲಿ ಓದುವಾಗ ಸ್ವತಃ ಟೋಲ್ಕಿನ್ನನ ಪಾಠಕ್ಕೆ ಕೂತಿದ್ದಳು. ಆತ ಬೋರ್ಡಿನ ಕಡೆ ತಿರುಗಿ ಗೊಣಗುತ್ತಿದ್ದನಂತೆ. ಮನೆಗೆ ಹೋಗಿ ತನ್ನ ಪುಸ್ತಕ ಬರೆಯುವ ಆತುರ ಪಾಪ ಅವನಿಗೆ. ಬೇಸತ್ತು ಹುಡುಗರು ಕಳಚಿಕೊಂಡರೂ ಈಕೆಯ ಹಾಗೆ ಕೆಲವರು ಪಟ್ಟು ಹಿಡಿದು ಕೂತರಂತೆ. ಕಳಚಿಕೊಂಡವರ ನಗೆಗೂ ಕೂತವಳ ನಗೆಗೂ ವ್ಯತ್ಯಾಸವಿದೆ.

ಆಕೆಯ ಬಾಲ್ಯವೂ ಈ ನಗೆಯ ಹಿಂದಿದೆ. ಮೂವರು ಅಕ್ಕತಂಗಿಯರಲ್ಲಿ ಈಕೆ ಹಿರಿಯವಳು. ತಂದೆತಾಯಿ ತಮ್ಮ ಸಂಸ್ಥೆಯ ಕೆಲಸದಲ್ಲಿ ಮುಳುಗಿದ್ದವರು. ಮಕ್ಕಳನ್ನು ಅಂಗಳದಾಚೆಯ ಬೇರೆ ಕಟ್ಟಡದಲ್ಲಿ ಬಿಟ್ಟಿದ್ದರು. ತಂದೆಯ ಜಿಪುಣತನವೂ ಅಪೂರ್ವವಾದದ್ದು. ಆರ್ಥರ್ ರ‍್ಯಾನ್ಸಮ್‌ನ ಮಕ್ಕಳ ಕಾದಂಬರಿಗಳ ಪೂರ್ತಿ ಸೆಟ್ಟು ಕೊಂಡು ತಂದು ಬೀರುವಿನಲ್ಲಿಟ್ಟು ಬೀಗ ಹಾಕಿದ. ವರ್ಷಕ್ಕೊಂದು ಕ್ರಿಸ್‌ಮಸ್ಸಿಗೆ ಮೂವರಿಗೂ ಸೇರಿ ಒಂದು ಪುಸ್ತಕ ಹೊರಗೆ ಬರುತ್ತಿತ್ತು. ಓದಲು ಪುಸ್ತಕ ಸಾಲದೆ ತಂಗಿಯರಿಗಾಗಿ ಅಕ್ಕ ತಾನೇ ನೋಟುಬುಕ್ಕುಗಳಲ್ಲಿ ಕತೆ ಬರೆದಳು. ಮುಂದೆ 1986ರಲ್ಲಿ ಬರೆದ ‘ಹೌಲ್ಸ್ ಮೂವಿಂಗ್ ಕ್ಯಾಸಲ್’ನ ನಾಯಕಿ ಸೋಫಿಯೂ ಮೂವರಲ್ಲಿ ಹಿರಿಯವಳೇ. ಜನಪದ ಕತೆಗಳಲ್ಲಿ ಅದೃಷ್ಟವೆಲ್ಲ ಕಿರಿಯರ ಪಾಲು, ಹಿರಿಯರು ಸೋಲಲೆಂದೇ ಹುಟ್ಟಿದವರು. ಸೋಫಿ ಇದನ್ನು ನಂಬಿ, ಟೋಪಿ ಅಂಗಡಿಯ ಮೂಲೆಯಲ್ಲಿ ಕೂತು ಹೊಲಿಯುತ್ತ ಬದುಕು ಕಳೆಯಲು ಸಿದ್ಧಳಾಗಿರುತ್ತಾಳೆ. ಮಾಟಗಾತಿಯೊಬ್ಬಳು ಅವಳನ್ನು ಮುದುಕಿಯಾಗಿಸುತ್ತಾಳೆ. ಆಗ ನೋಡಿ ಚಮತ್ಕಾರ! ಮುದುಕಿಯಾದೊಡನೆ ಅವಳಿಗೆ ಬಾಯಿ ಬರುತ್ತದೆ. ಮಾಂತ್ರಿಕನ ಕೋಟೆಗೆ ನುಗ್ಗಿ, ಕಸ ಗುಡಿಸಿ, ಅವನಿಗೆ ಮುಖದ ಮೇಲೆ ಬುದ್ಧಿ ಹೇಳುತ್ತಾಳೆ. ಹುಡುಗಿಯಾಗಿದ್ದಾಗ ಇಲ್ಲದ ಧೈರ್ಯ ಸುಕ್ಕಿನ ಜೊತೆಗೆ ಬಂದದ್ದು ನಮ್ಮಲ್ಲಿ ಯಾರಿಗೆ ಅರ್ಥವಾಗುವುದಿಲ್ಲ?

ಈ ಕೇರಿಯಲ್ಲಿ ಹೀಗೆ ಒಳಗಿದ್ದುಕೊಂಡೇ ಚುಚ್ಚಿದವರು ಇನ್ನೂ ಇದ್ದಾರೆ. ಅಮೆರಿಕದ ಅರ್ಸುಲಾ ಲೆ ಗ್ವಿನ್ 1973ರಲ್ಲಿ ಒಂದು ಪ್ರಬಂಧ ಬರೆದಳು. ರಾಜ ಮಂತ್ರಿಗಳಿರುವ ಒಂದು ಫ್ಯಾಂಟಸಿ ಕಾದಂಬರಿಯ ಸಂಭಾಷಣೆ ಎತ್ತಿಕೊಂಡು, ಅದರಲ್ಲಿ ಹೆಸರು, ಊರು ಎಂದು ಕೆಲವೇ ಪದ ಬದಲಿಸಿದಳು. ಅಷ್ಟೇ, ಅದು ವಾಷಿಂಗ್ಟನ್ನಿನ ಸೆನೆಟರುಗಳ ಮಾತಾಗಿಬಿಟ್ಟಿತು! ಕಿರೀಟ ತೆಗೆದು ಟೈ ಕಟ್ಟಿದರೆ ಏನೂ ವ್ಯತ್ಯಾಸವಾಗದ ಭಾಷೆ ಮಾಯಾಲೋಕದ ಭಾಷೆಯೇ ಅಲ್ಲ ಎಂದು ತೋರಿಸಲು ಇದಕ್ಕಿಂತ ಹೆಚ್ಚಿನ ಸಿದ್ಧಾಂತ ಬೇಕಿಲ್ಲ. ಆದರೆ ಲೆ ಗ್ವಿನ್ ನನಗೆ ಹೆಚ್ಚು ಪ್ರಿಯವಾಗುವುದು ತನ್ನ ಕೃತಿಯನ್ನೇ ಆಕೆ ಪರೀಕ್ಷೆಗೆ ಒಡ್ಡಿದ್ದಕ್ಕೆ. 1968ರ ಆಕೆಯ ‘ಎ ವಿಝಾರ್ಡ್ ಆಫ್ ಅರ್ಥ್‌ಸೀ’ಯಲ್ಲಿ ಮಾಂತ್ರಿಕರ ಶಾಲೆ ಗಂಡಸರದು, ಹೆಂಗಸರ ಮಾಟ ದುರ್ಬಲ, ದುಷ್ಟ ಎಂಬ ಭಾವದ ಗಾದೆಯೂ ಅಲ್ಲಿದೆ. 1990ರಲ್ಲಿ ಅದೇ ಲೋಕಕ್ಕೆ ಮರಳಿ ‘ತೆಹಾನು’ ಬರೆದಾಗ ಆಕೆ ನಡುವಯಸ್ಸಿನ ವಿಧವೆಯೊಬ್ಬಳ ಮನೆಯೊಳಗಿಂದ ಎಲ್ಲವನ್ನೂ ನೋಡಿದಳು. ಮಹಾಮಾಂತ್ರಿಕ ಗೆಡ್ ಶಕ್ತಿಯನ್ನೆಲ್ಲ ಕಳೆದುಕೊಂಡು ಆ ಮನೆಯಲ್ಲಿ ಉಂಡ ಪಾತ್ರೆ ತೊಳೆಯುತ್ತಾನೆ. ಮನೆಯ ಮಗನಿಗೋ ಅದು ಹೆಂಗಸರ ಕೆಲಸ. ತೊಳೆಯುವವನ ಕೈ ಹೆಚ್ಚು ಬಲವಾದದ್ದೆಂದು ಆಕೆ ಬಾಯಿಬಿಟ್ಟು ಹೇಳುವುದಿಲ್ಲ.

ಗಂಡಸರಲ್ಲೂ ಈ ಕಣ್ಣಿದ್ದವರಿದ್ದರು. 1985ರಲ್ಲಿ ಇಂಥ ಕತೆಗಳ ಅಭಿಮಾನಿಗಳ ಸಮ್ಮೇಳನವೊಂದರಲ್ಲಿ ಟೆರಿ ಪ್ರಾಚೆಟ್ ಮಾಡಿದ ಭಾಷಣದ ಹೆಸರೇ ‘ಗ್ಯಾಂಡಾಲ್ಫ್ ಮದುವೆಯಾಗಲಿಲ್ಲವೇಕೆ’ ಎಂದು. ಮಂತ್ರ ಗಂಡಸಿನ ಕೈಯಲ್ಲಿದ್ದರೆ ಅದು ವಿದ್ಯೆ, ಹೆಂಗಸಿನ ಕೈಯಲ್ಲಿದ್ದರೆ ಮಾಟ. ಅವನು ಜ್ಞಾನಿ, ಅವಳು ಗಯ್ಯಾಳಿ. ಎರಡು ವರ್ಷಗಳ ನಂತರ ಬಂದ ಅವನ ‘ಈಕ್ವಲ್ ರೈಟ್ಸ್’ನಲ್ಲಿ, ಎಂಟನೆಯ ಮಗನ ಎಂಟನೆಯ ಮಗನಿಗೆ ಮಂತ್ರದಂಡ ಒಪ್ಪಿಸಲು ಬಂದ ಮುದುಕ ಮಾಂತ್ರಿಕ ಕೂಸು ಹೆಣ್ಣೆಂದು ಗಮನಿಸದೆ ಅದರ ಕೈಗೆ ಕೊಟ್ಟು ಸತ್ತುಹೋಗುತ್ತಾನೆ. ಈ ಒಂದು ಹಾಸ್ಯದಿಂದ ಇಡೀ ಕಾದಂಬರಿ ಬೆಳೆಯುತ್ತದೆ.

ಜೋನ್ಸಳ ಕೈಪಿಡಿಗೆ ಮಿತಿಯಿಲ್ಲದೆ ಇಲ್ಲ. ಒಂದೇ ಉಸಿರಿಗೆ ಓದಿದರೆ ನಗು ಹಳಸುತ್ತದೆ, ‘ಕ’ದಲ್ಲಿ ನಕ್ಕಷ್ಟು ‘ಸ’ದಲ್ಲಿ ನಗಲಾಗುವುದಿಲ್ಲ. ಮಧ್ಯಾಹ್ನದ ಬಿಡುವಿನಲ್ಲಿ ಎರಡೆರಡು ಪುಟ ಓದುವ ಪುಸ್ತಕ ಅದು. ಇನ್ನೊಂದು ಕೊರತೆ ದೊಡ್ಡದು: ಅದರಲ್ಲಿ ಪ್ರವಾಸಿಗರಿದ್ದಾರೆ, ಆ ನಾಡಿನ ಜನರ ಮಾತು ಕೇಳಿಸುವುದಿಲ್ಲ. ಇದು ಆಕೆಗೂ ಅನ್ನಿಸಿರಬೇಕು. 1998ರಲ್ಲಿ ಅದೇ ತಮಾಷೆಯನ್ನು ತಿರುವಿಹಾಕಿ ‘ಡಾರ್ಕ್ ಲಾರ್ಡ್ ಆಫ್ ಡರ್ಕ್‌ಹೋಮ್’ ಬರೆದಳು.

ಇಲ್ಲಿ ನಮ್ಮ ಲೋಕದ ಚೆಸ್ನಿ ಎಂಬ ವ್ಯಾಪಾರಿ ಒಂದು ಮಾಯಾಲೋಕವನ್ನೇ ಕರಾರಿನಿಂದ ಕಟ್ಟಿಹಾಕಿ, ಪ್ರತಿವರ್ಷ ಅಲ್ಲಿಗೆ ದುಡ್ಡಿನ ಜನರನ್ನು ಪ್ರವಾಸ ಕಳಿಸುತ್ತಾನೆ. ಅವರಿಗೆ ಯುದ್ಧ ಬೇಕು, ಸುಟ್ಟ ಹಳ್ಳಿ ಬೇಕು, ಕೊನೆಗೆ ಸೋಲಿಸಲು ಒಬ್ಬ ಕೇಡಿಗ ದೊರೆ ಬೇಕು. ಹೊಲ ತುಳಿದು ಹಾಳಾಗುವುದು, ಮನೆ ಬಿಟ್ಟು ಓಡುವುದು ಅಲ್ಲಿಯವರ ಪಾಲು. ನೆಂಟರೇ ಹಣ ಕೊಟ್ಟು, ಇವರು ಮರಳಿ ಬಾರದಿದ್ದರೂ ಸರಿಯೆಂದು ಗುರುತು ಹಾಕಿಸಿ ಕಳಿಸಿದ ಪ್ರವಾಸಿಗರೂ ಇದ್ದಾರೆ. ಅಲ್ಲಿಗೆ ನಗು ಗಂಟಲಲ್ಲಿ ನಿಲ್ಲುತ್ತದೆ. ಆ ವರ್ಷ ಕೇಡಿಗನ ವೇಷ ಬೀಳುವುದು ಡರ್ಕ್ ಎಂಬ ಸಾಧು ಮಾಂತ್ರಿಕನಿಗೆ, ಅವನ ಹೆಂಡತಿ ಮಾರಾಳಿಗೆ ಮೋಹಿನಿಯ ವೇಷ. ಅವರ ಮಕ್ಕಳಲ್ಲಿ ಕೆಲವರು ಮನುಷ್ಯರು, ಕೆಲವರು ರೆಕ್ಕೆಯ ಗ್ರಿಫಿನ್‌ಗಳು. ಗ್ರಿಫಿನ್ ಎಂದರೆ ಹದ್ದಿನ ತಲೆ, ಸಿಂಹದ ಮೈ. ಎಲ್ಲರೂ ಒಟ್ಟಿಗೆ ಜಗಳವಾಡಿಕೊಂಡು ಬೆಳೆದವರು. ಈ ಮನೆಯಲ್ಲಿ ಮಾತ್ರ ಊಟ ಎರಡು ಸಾಲುಗಳ ನಡುವೆ ತಾನಾಗಿ ಬರುವುದಿಲ್ಲ. ಅಡುಗೆಯ ಹುಚ್ಚು ಹಿಡಿದ ಲಿಡ್ಡಾ ಎಂಬ ಗ್ರಿಫಿನ್ ಮಗಳು, ಉಗುರಿನ ಪಂಜದಲ್ಲಿ, ಮನೆಮಂದಿಯೆಲ್ಲ ಬಾಯಿ ಚಪ್ಪರಿಸುವಂಥ ತಿಂಡಿಗಳನ್ನು ಮಾಡುತ್ತಾಳೆ.