ವಿಯೋಗಲಕ್ಷಣಗಳೂ ಸಪ್ತಮದ ಕುಜನೂ

ನಮ್ಮ ಚಿತ್ರದುರ್ಗದ ಸೀಮೆಯಲ್ಲಿ, ಹೊಳಲ್ಕೆರೆಯ ಅಡಿಕೆತೋಟದ ಮನೆಯಾಗಲಿ, ಹಿರಿಯೂರಿನ ನಾಲೆಬಯಲಿನ ಮನೆಯಾಗಲಿ, ಹೊಸದುರ್ಗದ ತೆಂಗಿನ ತೋಟದ ಮನೆಯಾಗಲಿ, ಹೆಣ್ಣಿಗೆ ಗಂಡು ಗೊತ್ತುಮಾಡುವ ಮಾತು ಎದ್ದೊಡನೆ, ಮನೆತನದ ವಿಚಾರ ಮುಗಿಯುವುದಕ್ಕೆ ಮೊದಲೇ ಜಾತಕದ ವಿಚಾರ ಮುಂದಕ್ಕೆ ಬರುತ್ತದೆ. ಜಾತಕದಲ್ಲಿಯೂ ಮಿಕ್ಕ ಸಂಗತಿಗಳೆಲ್ಲ ಹಿಂದೆ ಸರಿದು ಕುಜದೋಷವೊಂದೇ ಮಾತಿಗೆ ವಸ್ತುವಾಗುತ್ತದೆ. ದಂಪತಿಗಳ ವಿಯೋಗವನ್ನೂ ಮನೆಯೊಳಗಿನ ಕಲಹವನ್ನೂ ಮುಂಚಿತವಾಗಿಯೇ ಸೂಚಿಸುವ, ಆದಕಾರಣ ಕುಟುಂಬದ ನೆಮ್ಮದಿಗೆ ರಕ್ಷೆಯಾಗಿ ನಿಲ್ಲುವ ಲಕ್ಷಣವೆಂಬ ಕೀರ್ತಿ ಅದಕ್ಕೆ ಬಂದಿರುತ್ತದೆ. ಜೋಯಿಸರಲ್ಲಿ ನಂಬಿಕೆಯಿಲ್ಲದವರು ಸಹ ಇದೊಂದನ್ನು ನೋಡಿಸಿಬಿಡುವುದು ಒಳ್ಳೆಯದೆನ್ನುವಷ್ಟು ಆ ಕೀರ್ತಿ ಬಲವಾಗಿದೆ. ಅದು ಈ ಲಕ್ಷಣಕ್ಕೆ ಸಲ್ಲತಕ್ಕದ್ದಲ್ಲವೆಂದೂ, ಶಾಸ್ತ್ರವಾಗಿ ಇದು ದುರ್ಬಲ, ಆಚಾರವಾಗಿ ಅನ್ಯಾಯ್ಯವೆಂದೂ ನನ್ನ ಅಭಿಪ್ರಾಯ.

ದ್ವಾದಶಭಾವಗಳ ವಿಚಾರವಾಗಲಿ, ಗಣ, ನಾಡಿ, ರಜ್ಜು ಮೊದಲಾದ ಕೂಟಗಳ ವಿಚಾರವಾಗಲಿ ಓದುಗರಿಗೆ ಹೊಸತಲ್ಲ. ಅವನ್ನು ಇಲ್ಲಿ ವಿಸ್ತರಿಸುವುದಿಲ್ಲ. ಚಾಳುಕ್ಯ ಆಹವಮಲ್ಲನ ಕಾಲದಲ್ಲಿ, 1049ರಲ್ಲಿ, ಶ್ರೀಧರಾಚಾರ್ಯನು ‘ಜಾತಕತಿಲಕ’ವನ್ನು ಬರೆದಂದಿನಿಂದ ಈ ಶಾಸ್ತ್ರ ಕನ್ನಡದಲ್ಲಿ ಬಾಳಿಕೊಂಡು ಬಂದಿದೆ, ಅದಾದ ಒಂದು ಶತಮಾನದ ಮೇಲೆ ಬಸವಣ್ಣನವರು ರಾಶಿಕೂಟ, ಗಣಸಂಬಂಧಗಳನ್ನು ಹೆಸರು ಹಿಡಿದು ಹೇಳಿ, ಶರಣರು ಬಂದು ಕೇಳಿದರೆ ಎಲ್ಲ ಲಗ್ನವೂ ಶುಭವೆಂದೇ ಹೇಳಿರೆಂದು ವಿಧಿಸಿದುದೂ ಪ್ರಸಿದ್ಧವಾಗಿದೆ. ಪ್ರತಿಪಾದನೆ, ಪ್ರತಿಭಟನೆಗಳೆರಡೂ ನಮ್ಮ ಭಾಷೆಯಲ್ಲಿ ಪುರಾತನವಾದುವೇ. ನನಗೆ ಬೇಕಾದುದು ಒಂದೇ ಒಂದು ಶ್ಲೋಕದ ಪರೀಕ್ಷೆ.

ಆ ಶ್ಲೋಕದ ತಾತ್ಪರ್ಯ ಇಷ್ಟು: ಲಗ್ನ, ವ್ಯಯ, ಚತುರ್ಥ, ಸಪ್ತಮ, ಅಷ್ಟಮ, ಈ ಸ್ಥಾನಗಳಲ್ಲಿ ಕುಜನಿದ್ದರೆ ಕನ್ಯೆಯು ಪತಿಯ ನಾಶಕ್ಕೂ ಪತಿಯು ಕನ್ಯೆಯ ನಾಶಕ್ಕೂ ಕಾರಣರಾಗುತ್ತಾರೆ. ಉತ್ತರದೇಶದ ಪಾಠದಲ್ಲಿ ಲಗ್ನವಿದ್ದರೆ ನಮ್ಮ ದಕ್ಷಿಣದ ಪಾಠದಲ್ಲಿ ಅದರ ಎಡೆಗೆ ಧನಸ್ಥಾನ ಬಂದಿರುತ್ತದೆ. ಎರಡು ಪಾಠಗಳಿಗೂ ಅಂಜಿದವರು ಎರಡನ್ನೂ ಸೇರಿಸಿ ಆರು ಸ್ಥಾನಗಳನ್ನು ಎಣಿಸುತ್ತಾರೆ. ಕುಜನು ಹನ್ನೆರಡು ಮನೆಗಳಲ್ಲಿ ಯಾವುದರಲ್ಲಾದರೂ ಇರಲು ಸಮಾನಾವಕಾಶವುಳ್ಳವನೆಂದು ಭಾವಿಸಿದರೆ, ಐದು ಸ್ಥಾನಗಳ ಲೆಕ್ಕದಲ್ಲಿ ನೂರಕ್ಕೆ ಸುಮಾರು 42 ಮಂದಿಯೂ ಆರರ ಲೆಕ್ಕದಲ್ಲಿ ನೂರಕ್ಕೆ 50 ಮಂದಿಯೂ ದೋಷಿಗಳಾಗುವರು. ಇಷ್ಟಕ್ಕೆ ನಿಲ್ಲದೆ ಲಗ್ನದಿಂದಲೂ ಚಂದ್ರನಿಂದಲೂ ಶುಕ್ರನಿಂದಲೂ ನೋಡಬೇಕೆಂಬ ಸಂಪ್ರದಾಯವುಂಟಷ್ಟೆ. ಹಾಗೆ ನೋಡಿದಲ್ಲಿ ಐದು ಸ್ಥಾನಗಳ ಲೆಕ್ಕದಲ್ಲಿಯೇ, ಮೂರರಲ್ಲಿ ಒಂದರಿಂದಲಾದರೂ ದೋಷವುಳ್ಳವರು ನೂರಕ್ಕೆ ಸುಮಾರು 80 ಮಂದಿ. ಲೋಕದ ಬಹುಪಾಲು ಜನರಿಗೆ ಅಂಟುವ ಲಕ್ಷಣವು ಯಾವ ವಿಶೇಷವನ್ನು ತಾನೇ ಸೂಚಿಸೀತು?

ಈ ಅತಿವ್ಯಾಪ್ತಿಯನ್ನು ಪೂರ್ವಿಕರೂ ಕಾಣದೆ ಇರಲಿಲ್ಲ. ಆದುದರಿಂದಲೇ ಅಪವಾದಗಳು ಹುಟ್ಟಿಕೊಂಡವು. ಬೆಂಗಳೂರಿನಿಂದ ಜ್ಯೋತಿಷವನ್ನು ಆಧುನಿಕ ವಿದ್ಯಾವಂತರ ಮಧ್ಯಕ್ಕೆ ತಂದ ಬಿ.ವಿ. ರಾಮನ್ (1912–1998) ಅವರ ಮುಹೂರ್ತಗ್ರಂಥದಲ್ಲಿಯೂ ಇವು ಸಂಗ್ರಹವಾಗಿವೆ. ದ್ವಿತೀಯವು ಮಿಥುನ ಕನ್ಯೆಗಳಾದರೆ, ದ್ವಾದಶವು ವೃಷಭ ತುಲೆಗಳಾದರೆ, ಚತುರ್ಥವು ಮೇಷ ವೃಶ್ಚಿಕಗಳಾದರೆ, ಸಪ್ತಮವು ಮಕರ ಕರ್ಕಾಟಕಗಳಾದರೆ, ಅಷ್ಟಮವು ಧನುಸ್ಸು ಮೀನಗಳಾದರೆ ದೋಷವಿಲ್ಲ. ಸಿಂಹ ಕುಂಭಗಳಲ್ಲಂತೂ ಎಲ್ಲಿದ್ದರೂ ದೋಷವಿಲ್ಲ. ಈ ಪಟ್ಟಿಯನ್ನು ಒಪ್ಪಿಸುವವರು ಅನೇಕರುಂಟು. ಅದರ ರಚನೆಯನ್ನು ಪರಿಶೀಲಿಸಿದವರು ವಿರಳ. ಹನ್ನೆರಡು ರಾಶಿಗಳಲ್ಲಿ ಪ್ರತಿಯೊಂದೂ ಇಲ್ಲಿ ಒಂದು ಸಾರಿ, ಒಂದೇ ಸಾರಿ, ಬಂದಿರುತ್ತದೆ. ಐದು ಸ್ಥಾನಗಳಿಗೆ ಎರಡೆರಡು, ಉಳಿದ ಎರಡು ಸರ್ವತ್ರ. ಲಗ್ನ ಹನ್ನೆರಡು, ಕುಜನ ಸ್ಥಾನ ಹನ್ನೆರಡು, ಅಂತು 144 ಪ್ರಕಾರಗಳಲ್ಲಿ 60 ದೋಷಯುಕ್ತ. ಅವುಗಳಲ್ಲಿ ಸರಿಯಾಗಿ ಮೂರರಲ್ಲಿ ಒಂದು ಪಾಲು, ಎಂದರೆ 20, ಕ್ಷಮಿಸಲ್ಪಟ್ಟು 40 ಉಳಿಯುತ್ತವೆ. ಸಂಸಾರಗಳನ್ನು ಕಂಡು, ಒಡೆದುವೆಷ್ಟು ಉಳಿದುವೆಷ್ಟೆಂದು ತಾಳೆನೋಡಿ ಬರೆದ ಪಟ್ಟಿಗೆ ಇಂತಹ ಸಮತೂಕ ಬರುವುದು ಅಸಂಭವ. ಒಂದು ಚಕ್ರವನ್ನು ಎದುರಿಗಿಟ್ಟುಕೊಂಡು ಯಾವ ರಾಶಿಗೂ ಅನ್ಯಾಯವಾಗದಂತೆ ಹಂಚಿದ ಬುದ್ಧಿಯ ಕೆಲಸವಿದು.

ಇನ್ನೂ ಒಂದು ಸೂಕ್ಷ್ಮವುಂಟು. ಮೇಷ ವೃಶ್ಚಿಕಗಳು ಕುಜನ ಸ್ವಕ್ಷೇತ್ರಗಳಾದುದರಿಂದ ಅಲ್ಲಿ ಅವನು ಸೌಮ್ಯನೆನ್ನಬಹುದು. ಮಕರವು ಅವನ ಉಚ್ಚ, ಅಲ್ಲಿಯೂ ಹಾಗೆಯೇ ಎನ್ನೋಣ. ಆದರೆ ಕರ್ಕಾಟಕವು ಅವನ ನೀಚಸ್ಥಾನ. ಉಚ್ಚನಾದ ಕುಜನೂ ನೀಚನಾದ ಕುಜನೂ ಒಂದೇ ಸಪ್ತಮದಲ್ಲಿ ಸಮಾನವಾಗಿ ನಿರ್ದೋಷಿಗಳೆಂದರೆ, ಗ್ರಹದ ಬಲಾಬಲಗಳಿಂದ ಫಲವನ್ನು ನಿರ್ಣಯಿಸಬೇಕೆಂಬ ಶಾಸ್ತ್ರದ ಮೂಲಸೂತ್ರವೇ ಇಲ್ಲಿ ಕೈಬಿಟ್ಟಂತಾಯಿತು. ಮೇಲಾಗಿ, ವಧೂವರರಿಬ್ಬರಿಗೂ ದೋಷವಿದ್ದಲ್ಲಿ ಅದು ಪರಸ್ಪರ ಪರಿಹಾರವಾಗುವುದೆಂಬ ದೋಷಸಾಮ್ಯದ ನಿಯಮವನ್ನು ನೋಡಿರಿ. ಮೂಲಶ್ಲೋಕವು ಇಬ್ಬರನ್ನೂ ಪರಸ್ಪರ ನಾಶಕರೆಂದು ಹೇಳಿದ್ದಿತು. ನಿಯಮವು ಇಬ್ಬರು ನಾಶಕರನ್ನು ಒಂದೇ ಮನೆಯಲ್ಲಿ ಕೂಡಿಸಿ ಕ್ಷೇಮವೆನ್ನುತ್ತದೆ. ಇದರ ಪ್ರಯೋಜನ ಅನಿಷ್ಟನಿವಾರಣೆಯಲ್ಲ, ವಿಂಗಡಣೆ: ದೋಷವುಳ್ಳವರದೊಂದು ಪಂಗಡ, ಇಲ್ಲದವರದೊಂದು ಪಂಗಡ. ಜಾತಿ ಉಪಜಾತಿಗಳು ಸಾಲದೆಂಬಂತೆ ಹುಟ್ಟಿದ ಗಳಿಗೆಯ ಮೇಲೆ ಮತ್ತೊಂದು ಗೋಡೆ ಎದ್ದಿತು.

ಶ್ಲೋಕವು ಮಾತಿನಲ್ಲಿ ಸ್ತ್ರೀಪುರುಷರಿಗೆ ಸಮಾನವಾಗಿದ್ದರೂ ಅದರ ಹಿಂದಿನ ಮನೋಧರ್ಮ ಸಮಾನವಾದುದಲ್ಲ. ವರಾಹಮಿಹಿರನ ಬೃಹಜ್ಜಾತಕದ ಸ್ತ್ರೀಜಾತಕಾಧ್ಯಾಯವನ್ನು ತೆರೆದರೆ ಇದು ಸ್ಪಷ್ಟವಾಗುವುದು. ಸಪ್ತಮದಲ್ಲಿ ರವಿಯಿದ್ದರೆ ಆಕೆ ಪತಿಯಿಂದ ಪರಿತ್ಯಕ್ತೆ. ಕುಜನಿದ್ದರೆ ಬಾಲ್ಯದಲ್ಲಿಯೇ ವಿಧವೆ. ಪಾಪದೃಷ್ಟಿಗೊಳಗಾದ ಶನಿಯಿದ್ದರೆ ಕನ್ಯೆಯಾಗಿಯೇ ಮುಪ್ಪನ್ನು ಕಾಣುವಳು. ಸ್ತ್ರೀಯರಿಗೆ ಒಪ್ಪದ ಫಲಗಳನ್ನು ಅವರ ಪತಿಗಳಿಗೆ ಅನ್ವಯಿಸಬೇಕೆಂಬ ವಿಧಿಯೂ ಅಲ್ಲಿಯೇ ಇದೆ. ಬಿಟ್ಟವನು ಗಂಡ, ಸತ್ತವನು ಗಂಡ, ಬಾರದೆ ಹೋದವನೂ ಗಂಡ. ಅಷ್ಟಕ್ಕೂ ಕಾರಣವನ್ನು ಹುಡುಕುವುದು ಮಾತ್ರ ಹೆಣ್ಣಿನ ಜನ್ಮಕುಂಡಲಿಯಲ್ಲಿ. ಬಾಲ್ಯವಿವಾಹವೂ ಅಕಾಲಮರಣವೂ ಸಾಮಾನ್ಯವಾಗಿದ್ದ ಕಾಲದಲ್ಲಿ ವೈಧವ್ಯಭಯವು ಇಂತಹ ರೂಪವನ್ನು ತಾಳಿದುದು ನಮಗೆ ಅರ್ಥವಾಗುವಂತಹುದೇ. ಆದರೆ ಈ ಕಾಲದ ಜೋಯಿಸರು ಅದೇ ಲಕ್ಷಣವನ್ನು ಹಿಡಿದು, ಮರಣದ ಮಾತನ್ನು ಬಿಟ್ಟು, ಮನಸ್ತಾಪ, ಅತ್ತೆಮನೆಯ ಕಿರಿಕಿರಿ, ವಿಚ್ಛೇದನ ಎನ್ನುತ್ತಾರೆ. ಫಲವು ಹುಸಿಯಾದಾಗಲೆಲ್ಲ ಲಕ್ಷಣವನ್ನು ಬಿಡದೆ ಫಲವನ್ನೇ ಬದಲಾಯಿಸುವ ಶಾಸ್ತ್ರವನ್ನು ಅನುಭವದಿಂದ ಸಿದ್ಧವಾದುದೆಂದು ಕರೆಯಲಾಗದು.

ಇಲ್ಲಿ ಚೀನಾದೇಶದ ಜಾತಕಪದ್ಧತಿಯನ್ನು ಸ್ಮರಿಸುವುದು ಉಪಯುಕ್ತ. ಅಲ್ಲಿ ಜನನದ ವರ್ಷ, ಮಾಸ, ದಿನ, ಹೊತ್ತು ಎಂಬ ನಾಲ್ಕು ಸ್ತಂಭಗಳು. ಒಂದೊಂದಕ್ಕೆ ಎರಡೆರಡರಂತೆ ಎಂಟು ಅಕ್ಷರಗಳು. ನಮ್ಮ ಅರವತ್ತು ಸಂವತ್ಸರಗಳನ್ನು ನೆನಪಿಗೆ ತರುವ ಅರವತ್ತರ ಆವರ್ತ. ದಿನಸ್ತಂಭದ ಕೆಳಗಿನ ಅಕ್ಷರವೇ ಪತಿ ಅಥವಾ ಪತ್ನಿಯ ಸ್ಥಾನ. ಅದಕ್ಕೆ ಇದಿರಾದ ಅಕ್ಷರ ಜಾತಕದಲ್ಲಿ ಬಂದರೆ ಸಂಘರ್ಷ, ವಿಯೋಗ. ಹನ್ನೆರಡರ ಚಕ್ರದಲ್ಲಿ ಇಲಿಗೆ ಇದಿರು ಕುದುರೆ, ಹುಲಿಗೆ ಇದಿರು ಕೋತಿ. ಅಂತಹವರನ್ನು ಕೂಡಿಸಬಾರದೆಂದು ಅಲ್ಲಿಯ ಹಿರಿಯರ ಮಾತು. ನಮ್ಮಲ್ಲಾದರೋ ಲಗ್ನಕ್ಕೆ ಇದಿರಾದ ಸಪ್ತಮವೇ ಕಳತ್ರಸ್ಥಾನ, ಸಮಸಪ್ತಕದ ರಾಶಿಗಳು ಮೇಳಾಮೇಳಿಯಲ್ಲಿ ಶುಭ! ತ್ರಿಕೋಣದ ವಿಷಯವನ್ನು ನೋಡಿದರೆ ವೈಪರೀತ್ಯವು ಇನ್ನೂ ಎದ್ದುಕಾಣುತ್ತದೆ. ಚೀನೀಯರು ಒಂದರಿಂದ ಐದು, ಒಂಬತ್ತನೆಯ ಅಕ್ಷರಗಳನ್ನು ಪರಮಮೈತ್ರಿಯ ಕೂಟವೆನ್ನುವರು. ನಮ್ಮ ವಿವಾಹಶಾಸ್ತ್ರವು ನವಪಂಚಮವನ್ನು ಸಂತಾನಹಾನಿಯ ದೋಷವೆಂದು ಎಣಿಸುತ್ತದೆ. ಅವರ ಚಕ್ರವೂ ನಮ್ಮ ರಾಶಿಚಕ್ರವೂ ಒಂದೇ ಅಲ್ಲವೆಂಬುದು ನಿಜ; ಆದರೂ ಹನ್ನೆರಡು ಸ್ಥಾನಗಳ ಒಂದು ವರ್ತುಲದಲ್ಲಿ ಇದಿರುಬದಿರಾಗಿರುವುದನ್ನು ಒಂದು ಪ್ರಾಚೀನ ನಾಗರಿಕತೆ ಸಮಾಗಮವೆಂದೂ ಮತ್ತೊಂದು ಸಂಘರ್ಷವೆಂದೂ ಓದಿಕೊಂಡಿತೆಂದರೆ, ಓದಿದುದು ಆಕಾಶವನ್ನಲ್ಲ, ತಮ್ಮ ತಮ್ಮ ಭಾವನೆಗಳನ್ನು. ಎರಡೂ ಏಕವಾಕ್ಯವಾಗುವುದು ಒಂದು ಕಡೆಯಲ್ಲಿ: ಹೆಣ್ಣಿನ ಹುಟ್ಟು ಗಂಡನಿಗೆ ಆಪತ್ತೆಂಬಲ್ಲಿ. ಆ ಅರವತ್ತರ ಆವರ್ತದಲ್ಲಿ ಅಗ್ನಿ ಮತ್ತು ಕುದುರೆ ಕೂಡಿದ ವರ್ಷದಲ್ಲಿ ಹುಟ್ಟಿದ ಹೆಣ್ಣು ಪತಿಘಾತಿನಿಯೆಂಬ ನಂಬಿಕೆ ಜಪಾನಿನಲ್ಲಿ ಎಷ್ಟು ಬಲವಾಗಿತ್ತೆಂದರೆ, 1965ರಲ್ಲಿ ಸುಮಾರು 18 ಲಕ್ಷವಿದ್ದ ಜನನಗಳು ಅಂತಹ ವರ್ಷವಾದ 1966ರಲ್ಲಿ 13 ಲಕ್ಷ 60 ಸಾವಿರಕ್ಕೆ ಇಳಿದವು.

ಇನ್ನು ವಿಮರ್ಶಕರ ವಿಚಾರ. ಜ್ಯೋತಿಷವನ್ನು ಖಂಡಿಸುವ ವಿಚಾರವಾದಿಗಳಲ್ಲಿ ನನಗೆ ಗೌರವವುಂಟು. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳ ಪರಿಶೀಲನೆಗೆ ಸಮಿತಿಯನ್ನು ರಚಿಸಿದುದು ಧೈರ್ಯದ ಕಾರ್ಯ. ಆದರೆ ಅವರ ಹಿಂದೆ ಬಂದವರಲ್ಲಿ ಅನೇಕರು ಕುಜನು ಎಷ್ಟು ಕೋಟಿ ಮೈಲಿ ದೂರದಲ್ಲಿದ್ದಾನೆ, ಅವನ ಆಕರ್ಷಣೆ ಎಷ್ಟು ಕ್ಷೀಣ ಎಂಬಲ್ಲಿಗೇ ನಿಂತುಬಿಡುತ್ತಾರೆ. 1975ರಲ್ಲಿ 186 ಮಂದಿ ವಿಜ್ಞಾನಿಗಳು ಜ್ಯೋತಿಷದ ವಿರುದ್ಧ ಹೇಳಿಕೆಯನ್ನು ಹೊರಡಿಸಿದಾಗ ಕಾರ್ಲ್ ಸಾಗನ್ ಅದಕ್ಕೆ ಸಹಿ ಹಾಕಲಿಲ್ಲ. ಅವರಿಗೆ ಜ್ಯೋತಿಷದಲ್ಲಿ ನಂಬಿಕೆಯಿದ್ದುದರಿಂದಲ್ಲ, ಹೇಳಿಕೆಯ ಧಾಟಿ ಅಧಿಕಾರವಾಣಿಯಾಗಿದ್ದುದರಿಂದ. ಗ್ರಂಥವನ್ನು ತೆರೆಯದೆ ಖಂಡಿಸುವವರು ಗ್ರಂಥದಲ್ಲಿಯೇ ಇರುವ ಅಸಂಗತಿಯನ್ನು ಕಾಣಲಾರರು. ಕಾಣದಿದ್ದರೆ ನಂಬಿದವನ ಎದುರಿಗೆ ಅವರಲ್ಲಿ ಮಾತೂ ಇರದು.

ನನ್ನ ನಿಜವಾದ ಭಿನ್ನಾಭಿಪ್ರಾಯ ಇರುವುದು ಮತ್ತೊಂದು ಪಂಥದವರೊಡನೆ. ಗ್ರಾಮಜೀವನದಲ್ಲಿ ಜೋಯಿಸರೇ ಕುಟುಂಬದ ಆಪ್ತಸಲಹೆಗಾರರಾಗಿದ್ದರು, ನೇರವಾಗಿ ಹೇಳಲಾಗದುದನ್ನು ಗ್ರಹಗಳ ಮೇಲೆ ಹಾಕಿ ಹೇಳುತ್ತಿದ್ದರು, ಒಲ್ಲದ ಸಂಬಂಧವನ್ನು ಮನಸ್ತಾಪವಿಲ್ಲದೆ ನಿರಾಕರಿಸಲು ಜಾತಕವು ಮರ್ಯಾದೆಯ ಮಾರ್ಗವಾಗಿತ್ತು ಎಂದು ಇವರು ವಾದಿಸುತ್ತಾರೆ. ಈ ವಾದದಲ್ಲಿ ಸ್ವಲ್ಪ ಸತ್ಯವಿದೆ. ಆದರೆ ಆ ಮರ್ಯಾದೆಯ ಬೆಲೆಯನ್ನು ತೆತ್ತವರಾರು? ಜಾತಕ ಕೂಡಿಬರಲಿಲ್ಲವೆಂದು ನಯವಾಗಿ ಹಿಂದಿರುಗಿದ ಗಂಡಿನವರಲ್ಲ. ಸಪ್ತಮದಲ್ಲಿ ಕುಜನಿದ್ದಾನಂತೆ ಎಂಬ ಮಾತು ಊರಿಂದೂರಿಗೆ ನೆಂಟರ ಬಾಯಲ್ಲಿ ಹಬ್ಬಿ, ಶಾಂತಿ, ಕುಂಭವಿವಾಹ, ಕದಳೀವಿವಾಹಗಳ ವೆಚ್ಚವನ್ನು ಹೊತ್ತ ಹೆಣ್ಣಿನ ತಂದೆತಾಯಿಗಳು, ಅವರಿಗಿಂತ ಹೆಚ್ಚಾಗಿ ಆ ಹೆಣ್ಣು.

ಸಲಹೆಗಾರನ ಮೊದಲನೆಯ ಧರ್ಮ ಉಭಯಪಕ್ಷಗಳನ್ನೂ ಆಲಿಸುವುದು. ನಮ್ಮ ಜಿಲ್ಲೆಯಲ್ಲಿಯೇ, ಸಿರಿಗೆರೆಯ ತರಳಬಾಳು ಮಠದಲ್ಲಿ, ಸೋಮವಾರಗಳಂದು ಸದ್ಧರ್ಮ ನ್ಯಾಯಪೀಠವು ನಡೆಯುತ್ತದೆ. ಜಮೀನಿನ ತಗಾದೆಗಳೊಡನೆ ಗಂಡಹೆಂಡಿರ ವ್ಯಾಜ್ಯಗಳೂ ಅಲ್ಲಿಗೆ ಬರುತ್ತವೆ. ಅದರ ತೀರ್ಪುಗಳನ್ನು ಯಾರಾದರೂ ಒಪ್ಪಲಿ ಬಿಡಲಿ, ಅಲ್ಲಿ ಇಬ್ಬರೂ ಇದಿರಿಗೆ ನಿಂತು ತಮ್ಮ ಮಾತನ್ನು ಹೇಳಬಹುದು. 1955ರ ಹಿಂದೂ ವಿವಾಹ ಕಾಯಿದೆಯೂ ವಿಚ್ಛೇದನಕ್ಕೆ ಕಾರಣವಾಗಿ ಕ್ರೌರ್ಯವನ್ನು, ಎರಡು ವರ್ಷಕ್ಕೆ ಕಡಮೆಯಿಲ್ಲದ ಪರಿತ್ಯಾಗವನ್ನು ಹೇಳುವಾಗ ಒಬ್ಬರು ಮಾಡಿದ ಕೃತ್ಯವನ್ನು ಹೇಳುತ್ತದೆ. ಜಾತಕವು ಹೇಳುವುದು ಕೃತ್ಯವನ್ನಲ್ಲ, ಹುಟ್ಟನ್ನು. ವಿಚಾರಣೆಗೆ ಮುಂಚೆಯೇ, ಅಪರಾಧಕ್ಕೂ ಮುಂಚೆಯೇ ಬರೆದಿಟ್ಟ ತೀರ್ಪು ಅದು. ಇಂತಹುದನ್ನು ಆಪ್ತಸಲಹೆಯೆಂದು ಹೊಗಳುವುದು ಸಲಹೆಗೂ ಅಪಚಾರ, ಸಂಸ್ಕೃತಿಗೂ ಅಪಚಾರ.

ಈ ಆಚಾರದ ಇತಿಹಾಸದಲ್ಲಿ ವಿಚಾರವಂತರು ಗಮನಿಸಬೇಕಾದ ಇನ್ನೊಂದು ಸಂಗತಿಯುಂಟು. ಹೆರಿಗೆ ಮನೆಯಲ್ಲಿ ಆಗುತ್ತಿದ್ದಾಗ ಹೊತ್ತನ್ನು ಗುರುತುಹಾಕಿಕೊಳ್ಳುತ್ತಿದ್ದ ಮನೆಗಳು ಕೆಲವೇ. ಮಿಕ್ಕವರು ಹೆಸರಿನ ಮೊದಲಕ್ಷರದಿಂದ ನಕ್ಷತ್ರವನ್ನು ಹಿಡಿದು ಹೆಸರುಬಲವನ್ನಷ್ಟೇ ನೋಡಿಸುತ್ತಿದ್ದರು. ಹೆಸರುಬಲದಲ್ಲಿ ಲಗ್ನವಿಲ್ಲ, ಲಗ್ನವಿಲ್ಲದೆ ಅದರಿಂದ ಎಣಿಸುವ ಸಪ್ತಮವೂ ಇಲ್ಲ, ಅಲ್ಲಿ ಕುಜನೂ ಇಲ್ಲ. ಆಸ್ಪತ್ರೆಯ ಚೀಟಿಯಲ್ಲಿ ಗಂಟೆ ನಿಮಿಷಗಳು ದಾಖಲಾಗತೊಡಗಿದ ಮೇಲೆಯೇ ಅಜ್ಜಿಗೆ ಇಲ್ಲದಿದ್ದ ದೋಷ ಮೊಮ್ಮಗಳಿಗೆ ಬಂದಿತು. ಪ್ರಾಚೀನವೆಂದು ನಾವು ತಲೆಬಾಗುವ ಈ ಭಯವು ಅನೇಕ ಕುಟುಂಬಗಳಲ್ಲಿ ಒಂದೆರಡು ತಲೆಮಾರಿನಷ್ಟು ಮಾತ್ರ ಹಳೆಯದು. ಇತ್ತ ಚಿತ್ರದುರ್ಗದ ಮುರುಘಾಮಠದ ಸಾಮೂಹಿಕ ವಿವಾಹಗಳು ತಿಂಗಳು ತಿಂಗಳೂ 5ನೆಯ ತಾರೀಖಿನಂದು, ಪಂಚಾಂಗವನ್ನು ಕೇಳದೆ, ನಡೆದುಬಂದಿವೆ.

ಗುಣವನ್ನೂ ಹೇಳಬೇಕು. ಶಾಸ್ತ್ರಗ್ರಂಥಗಳಾಗಿ ಬೃಹಜ್ಜಾತಕ, ಜಾತಕತಿಲಕಗಳು ನಮ್ಮ ಪೂರ್ವಿಕರ ಗಣಿತಶ್ರದ್ಧೆಗೆ ಸಾಕ್ಷಿ. ವಿದ್ವಾಂಸರು ಅವನ್ನು ಓದಬೇಕು, ಓದಿಸಬೇಕು. ಮನೆಯೊಂದು ಒಡೆಯಬಹುದೆಂಬ ಭಯವೂ ಹುಸಿಯಲ್ಲ. ಆದರೆ ನಮ್ಮ ಸೀಮೆಯಲ್ಲಿ ಮನೆಗಳು ಒಡೆಯುವ ಕಾರಣಗಳು ಕಣ್ಣೆದುರಿಗೇ ಇವೆ. ಮಾರಿಕಣಿವೆಯ ವಾಣಿವಿಲಾಸ ಸಾಗರವು 1933ರಲ್ಲಿ ತುಂಬಿದ ಮೇಲೆ ಮತ್ತೆ ತುಂಬಿ ಹರಿದುದು 2022ರಲ್ಲಿ. ನಡುವಣ ಬರಗಳಲ್ಲಿ ಕೊಳವೆಬಾವಿಯ ಸಾಲ, ಕೂಲಿಗಾಗಿ ಊರುಬಿಟ್ಟ ಗಂಡ, ಪಾಲಿನ ಜಗಳ, ವರದಕ್ಷಿಣೆ, ಕುಡಿತ, ಇವು ಕೂಡಿ ಮಾಡಿದ ವಿಯೋಗಗಳನ್ನು ಯಾವ ಕುಂಡಲಿಯೂ ಬರೆಯಲಿಲ್ಲ. ಇವನ್ನೆಲ್ಲ ಮದುವೆಗೆ ಮೊದಲು ಕೇಳಿ ತಿಳಿಯಬಹುದು. ಕೇಳುವುದು ಕಷ್ಟವಾದುದರಿಂದಲೇ ಜಾತಕವನ್ನು ಕೇಳುತ್ತೇವೆ. ಈ ಸುಲಭಮಾರ್ಗವನ್ನು ಬಿಡಬೇಕು. ಸಂಬಂಧದ ಮಾತು ಬಂದಾಗ ಗಂಡಿನ ಸಾಲವೆಷ್ಟು, ನಡತೆಯೆಂತಹುದು, ಹುಡುಗಿಯ ಓದು ಮುಂದುವರಿಯುವುದೆ, ಆಕೆಯ ಮನಸ್ಸಿಗೆ ಒಪ್ಪಿಗೆಯಿದೆಯೆ ಎಂಬ ಪ್ರಶ್ನೆಗಳನ್ನು ಬಾಯಿಬಿಟ್ಟು ಕೇಳುವ ಹಿರಿಯರು ಯಾವ ಶಾಂತಿಗಿಂತಲೂ ಹೆಚ್ಚಿನ ರಕ್ಷೆಯನ್ನು ಆ ಮನೆಗೆ ಕೊಟ್ಟಂತಾಗುವುದು. ಕುಜದೋಷವೆಂಬ ಲಕ್ಷಣಕ್ಕೆ ಆ ಮಾತುಕತೆಯಲ್ಲಿ ಸ್ಥಾನವಿರಕೂಡದು.