ಜರ್ಕಿನ್ನಿನ ಒಳಮೈ

ಮಳೆ ಜರ್ಕಿನ್ ಎಲ್ಲಿಂದ ಸೋರತೊಡಗುತ್ತದೆ ಎಂಬುದು ಅದನ್ನು ತೊಟ್ಟವರ ಕೆಲಸ ಏನೆಂದು ಹೇಳಿಬಿಡುತ್ತದೆ. ಬೈಕಿನವರಿಗೆ ಕುತ್ತಿಗೆಯಿಂದ, ಚಾರಣಿಗರಿಗೆ ಬ್ಯಾಗಿನ ಪಟ್ಟಿ ಉಜ್ಜುವ ಹೆಗಲಿಂದ, ಗಾಳ ಹಾಕುವವರಿಗೆ ಮುಂಗೈಯಿಂದ. ರಾಡ್ ಹಿಡಿದ ಕೈ ಬೆಳಗಿನಿಂದ ಸಂಜೆಯವರೆಗೆ ಮೇಲಕ್ಕೇ ಇರುತ್ತದೆ. ಬೆರಳ ಮೇಲೆ ಬಿದ್ದ ನೀರು ಮಣಿಕಟ್ಟು ದಾಟಿ ಮೊಣಕೈಗೆ, ಅಲ್ಲಿಂದ ಕಂಕುಳಿಗೆ ಹರಿಯುತ್ತದೆ. ಬಟ್ಟೆ ಎಂಥದೇ ಆಗಿರಲಿ, ತೋಳಿನ ಬಾಯಿ ತೆರೆದಿದ್ದರೆ ಮಧ್ಯಾಹ್ನದ ಹೊತ್ತಿಗೆ ಒಳಗಿನ ಬನಿಯನ್ ಹಿಂಡಬೇಕು. ಮೀನು ಹಿಡಿಯುವವರಿಗೆಂದೇ ಮಾಡಿದ ಒಳ್ಳೆಯ ಜಾಕೆಟ್‌ನಲ್ಲಿ ತೋಳಿನ ಒಳಗೆ ಮಣಿಕಟ್ಟಿಗೆ ಬಿಗಿದು ಕೂರುವ ಇನ್ನೊಂದು ಮೆದು ಪಟ್ಟಿ ಇರುತ್ತದೆ. ಅದೇ ಕಂಪನಿಯ, ಅದೇ ಬೆಲೆಯ ಚಾರಣದ ಜಾಕೆಟ್ ನೋಡಿದರೆ ಸಾಮಾನ್ಯವಾಗಿ ಬರೀ ವೆಲ್ಕ್ರೋ. ‘ಯಾವ ಬ್ರ್ಯಾಂಡ್ ಒಳ್ಳೆಯದು?’ ಎಂದು ಓದುಗರು ಕೇಳಿದಾಗಲೆಲ್ಲ, ‘ನೀವು ಎಲ್ಲಿ ನಿಂತು ಗಾಳ ಹಾಕುತ್ತೀರಿ?’ ಎಂದು ನಾನು ತಿರುಗಿ ಕೇಳುವುದು ಇದಕ್ಕೇ.

ಸಿಮ್ಸ್ ಕಂಪನಿಯನ್ನೇ ತೆಗೆದುಕೊಳ್ಳಿ. 1980ರಲ್ಲಿ ಅಮೆರಿಕದ ವಯೋಮಿಂಗ್‌ನಲ್ಲಿ ಶುರುವಾಗಿ, ಮುಂದೆ ಮೊಂಟಾನಾದ ಬೋಜ್‌ಮನ್‌ನಲ್ಲಿ ನೆಲೆನಿಂತ ಈ ಕಂಪನಿಗೆ ಹೆಸರು ತಂದದ್ದು ವೇಡರ್: ಪಾದದಿಂದ ಎದೆಯವರೆಗೆ ಏರಿಸಿಕೊಳ್ಳುವ, ನೀರು ಒಳಗಿಳಿಯದ ಉಡುಪು. ಹಿಮ ಕರಗಿ ಬರುವ ಹೊಳೆಯಲ್ಲಿ ಸೊಂಟಮಟ್ಟ ನಿಲ್ಲುವವರಿಗೆ ಅದಿಲ್ಲದೆ ಆಗದು. ಅದರ ಮೇಲೆ ತೊಡುವ ಜಾಕೆಟ್ಟಿನ ಅಂಚು ಹೊಳೆಯಲ್ಲಿ ಅದ್ದಬಾರದೆಂದು ಬೇಕೆಂದೇ ಗಿಡ್ಡವಾಗಿ ಕತ್ತರಿಸುತ್ತಾರೆ. ನಮ್ಮ ಪರಿಸ್ಥಿತಿ ಬೇರೆ. ಕಾವೇರಿ ವನ್ಯಧಾಮದೊಳಗೆ ಗಾಳ ನಿಂತು ವರ್ಷಗಳಾದವು. ಈಗ ನಮ್ಮವರು ಕೂರುವುದು ಅನುಮತಿಯಿರುವ ಹೊಳೆದಂಡೆಯಲ್ಲಿ, ಕೆರೆ ಏರಿಯ ಮೇಲೆ, ಕಾರವಾರ ಮಲ್ಪೆಯ ಬಂಡೆಗಳಲ್ಲಿ. ಒದ್ದೆ ಬಂಡೆಯ ಮೇಲೆ ಗಿಡ್ಡ ಜಾಕೆಟ್ ತೊಟ್ಟು ಕೂತರೆ ಅರ್ಧ ಗಂಟೆಯಲ್ಲಿ ಕೆಳಗೆಲ್ಲ ನೆನೆದು ತೊಪ್ಪೆ. ಹೊಲಿಗೆಯಲ್ಲಿ ಕೊರತೆಯಿಲ್ಲ, ಬೇರೆ ಹೊಳೆಗೆಂದು ಹೊಲಿದದ್ದು. ವಿದೇಶದಲ್ಲಿರುವ ಮಗನೋ ಅಳಿಯನೋ ಪ್ರೀತಿಯಿಂದ ತಂದುಕೊಟ್ಟ ದುಬಾರಿ ಜಾಕೆಟ್ ನಮ್ಮಲ್ಲಿ ಗೂಟಕ್ಕೆ ನೇತುಬೀಳುವುದು ಹೆಚ್ಚಾಗಿ ಈ ಕಾರಣಕ್ಕೆ. ವೇಡರ್ ಬಗ್ಗೆ ಇಲ್ಲಿ ಹೆಚ್ಚು ಹೇಳುವುದಿಲ್ಲ. ನಮ್ಮ ಬೆಚ್ಚನೆಯ ನೀರಿಗೆ ಚಡ್ಡಿ ಮತ್ತು ಹಿಡಿತವಿರುವ ಸ್ಯಾಂಡಲ್ ಸಾಕು.

ಇನ್ನು ‘ಉಸಿರಾಡುವ ಬಟ್ಟೆ’. 1969ರಲ್ಲಿ ಬಾಬ್ ಗೋರ್ ಬಿಸಿ ಮಾಡಿದ ಟೆಫ್ಲಾನ್ ಸಲಾಕೆಗಳನ್ನು ಮೆಲ್ಲಗೆ ಹಿಗ್ಗಿಸಲು ನೋಡುತ್ತಿದ್ದರು. ಅವು ತುಂಡಾಗುತ್ತಲೇ ಇದ್ದವು. ಬೇಸತ್ತು ಒಮ್ಮೆ ಜಗ್ಗಿ ಎಳೆದಾಗ ಸಲಾಕೆ ತುಂಡಾಗದೆ ಹಲವು ಪಟ್ಟು ಉದ್ದಕ್ಕೆ ಹಿಗ್ಗಿತು. ನೀರಿನ ಹನಿ ನುಗ್ಗಲಾರದ, ಆವಿ ಮಾತ್ರ ದಾಟಬಲ್ಲ ಸೂಕ್ಷ್ಮ ರಂಧ್ರಗಳ ಗೋರ್‌ಟೆಕ್ಸ್ ಹುಟ್ಟಿದ್ದು ಹಾಗೆ. ಅದ್ಭುತವಾದ ವಸ್ತು, ಅನುಮಾನವಿಲ್ಲ. ಆದರೆ ಆವಿ ಹೊರಗೆ ಹೋಗುವುದು ಒಳಗಿನ ಆವಿಯೊತ್ತಡ ಹೊರಗಿನದಕ್ಕಿಂತ ಹೆಚ್ಚಿದ್ದಾಗ ಮಾತ್ರ. ಜಾಕೆಟ್ಟಿನ ಒಳಗೆ 30 ಡಿಗ್ರಿ ಶಾಖ, ಬೆವರಿನ ಆವಿ ತುಂಬಿದೆ ಎಂದುಕೊಳ್ಳಿ. ಅಲ್ಲಿನ ಆವಿಯೊತ್ತಡ ಸುಮಾರು 4.2 ಕಿಲೋಪಾಸ್ಕಲ್. ಹೊರಗೆ 10 ಡಿಗ್ರಿಯ ಒಣ ಗಾಳಿ, ಆರ್ದ್ರತೆ ಶೇ 40 ಇದ್ದರೆ ಅಲ್ಲಿ ಸುಮಾರು 0.5. ಆಗುಂಬೆಯ ಆಷಾಢದಲ್ಲಿ 22 ಡಿಗ್ರಿ, ಗಾಳಿಯಲ್ಲಿ ನೀರು ತುಂಬಿ ತುಳುಕುತ್ತಿದ್ದರೆ 2.6. ಆವಿಯನ್ನು ಹೊರದೂಡುವ ಬಲ ಇಲ್ಲಿ ಅರ್ಧಕ್ಕೂ ಕಡಿಮೆ. ಸಾಲದ್ದಕ್ಕೆ ಗಂಟೆಗಟ್ಟಲೆ ಸುರಿಯುವ ಮಳೆಯಲ್ಲಿ ಮೇಲ್ಬಟ್ಟೆ ನೆನೆದು ಭಾರವಾದರೆ ಇದ್ದ ದಾರಿಯೂ ಮುಚ್ಚಿಕೊಂಡಿತು. ಆಮೇಲೆ ಮೈ ಒದ್ದೆಯಾಗುವುದು ಹೆಚ್ಚಾಗಿ ಬೆವರಿನಿಂದ. ಜನ ಅದನ್ನೇ ಸೋರಿಕೆ ಎಂದು ಬಗೆದು ಕಂಪನಿಯನ್ನು ಬೈಯುತ್ತಾರೆ.

ನಾಟಿ ಗದ್ದೆಯಲ್ಲಿ ಹೆಂಗಸರು ಹೊದೆಯುತ್ತಿದ್ದ ಗೊರಬು ಈ ತೊಡಕನ್ನು ಎಂದೋ ಬಿಡಿಸಿತ್ತು: ಬೆನ್ನಿಗೆ ಎಲೆಯ ಮಾಡು, ಎದುರಿಗೆ ಪೂರ್ತಿ ಗಾಳಿ. ಮಲೆನಾಡಿಗೆ ಜರ್ಕಿನ್ ಆರಿಸುವಾಗ ನಾನು ಹುಡುಕುವುದೂ ಅದನ್ನೇ. ಕಂಕುಳ ಕೆಳಗೆ ಉದ್ದನೆಯ ಜಿಪ್ ಇರಬೇಕು, ಮೈಗೆ ಸಡಿಲವಾಗಿರಬೇಕು, ತೊಡೆಯವರೆಗೆ ಇಳಿಯಬೇಕು. ಈ ಮೂರೂ ಇರುವ ಸಾಧಾರಣ ಬೆಲೆಯ ಜರ್ಕಿನ್, ಮೂರೂ ಇಲ್ಲದ ದುಬಾರಿ ಗೋರ್‌ಟೆಕ್ಸ್‌ಗಿಂತ ಘಟ್ಟದ ಮಳೆಯಲ್ಲಿ ಹೆಚ್ಚು ಸುಖ ಕೊಡುತ್ತದೆ. ಇದನ್ನು ನಾನು ಯಾವ ಅಂಗಡಿಯಲ್ಲಿ ಬೇಕಾದರೂ ವಾದಿಸಬಲ್ಲೆ.

ಚೀಟಿಯ ಮೇಲಿನ ಅಂಕಿಗಳ ವಿಷಯ ಒಂದಿಷ್ಟು. 10,000 ಮಿಲಿಮೀಟರ್ ಎಂದರೆ ಬಟ್ಟೆಯ ಮೇಲೆ ಅಷ್ಟೆತ್ತರದ ನೀರಿನ ಕಂಬ ನಿಂತರೂ ಸೋರದು ಎಂದರ್ಥ. ಹೊಲಿಗೆಗೆಲ್ಲ ಒಳಗಿನಿಂದ ಟೇಪ್ ಹಾಕಿದ್ದರೆ ನಮಗೆ ಅಷ್ಟು ಸಾಕು. ಡೆಕಾಥ್ಲಾನ್‌ನವರು ಈ ಅಂಕಿಯನ್ನು ಕಡಿಮೆ ಬೆಲೆಯ ಮಾಲಿನ ಮೇಲೂ ಮುಚ್ಚಿಡದೆ ಬರೆಯುತ್ತಾರೆ, ಆ ಪಾರದರ್ಶಕತೆಗೆ ನನ್ನ ಮೆಚ್ಚುಗೆಯಿದೆ. ಆವಿ ದಾಟುವ ಅಂಕಿಯನ್ನು ಮಾತ್ರ ಒಂದು ಬ್ರ್ಯಾಂಡಿನಿಂದ ಇನ್ನೊಂದಕ್ಕೆ ಹೋಲಿಸಬೇಡಿ. ಪರೀಕ್ಷೆಯ ವಿಧಾನ ಬದಲಾದರೆ ಅದೇ ಬಟ್ಟೆಗೆ ಬೇರೆಯೇ ಅಂಕಿ ಬರುತ್ತದೆ.

ಗಾಳದವರಿಗೆ ವರ್ಷದಲ್ಲಿ ಮಳೆಯ ದಿನಕ್ಕಿಂತ ಬಿಸಿಲಿನ ದಿನ ಹೆಚ್ಚು. ಹಾಗಾಗಿ ಹಣದ ದೊಡ್ಡ ಪಾಲು ಶರ್ಟಿಗೆ ಹೋಗಬೇಕು. ಇಲ್ಲಿ ನೋಡಬೇಕಾದ ಅಂಕಿ ಯುಪಿಎಫ್. 50 ಎಂದರೆ ಅತಿನೇರಳೆ ಕಿರಣದ ಐವತ್ತರಲ್ಲಿ ಒಂದು ಪಾಲು, ಅಂದರೆ ಶೇ 2 ಮಾತ್ರ ಒಳಗೆ ಬರುತ್ತದೆ. 30 ಎಂದರೆ ಶೇ 3.3. ಈ ಸಣ್ಣ ಅಂತರಕ್ಕೆ ಬೆಲೆ ಎರಡು ಪಟ್ಟಾದರೆ ಕೊಡಬೇಡಿ. ಆದರೆ ತೆಳು ಬಿಳಿ ಕಾಟನ್ ಟೀ ಶರ್ಟಿನ ಯುಪಿಎಫ್ ಸುಮಾರು 5, ಒದ್ದೆಯಾದರೆ ಇನ್ನೂ ಕಡಿಮೆ. ಮಲ್ಪೆಯಲ್ಲಿ ಸಮುದ್ರದ ಹೊಳಪು ಕೆಳಗಿನಿಂದಲೂ ಹೊಡೆಯುವಾಗ ಆ ಟೀ ಶರ್ಟ್ ನೆರಳೇ ಅಲ್ಲ.

ಶರ್ಟನ್ನು ಅಂಗಡಿಯಲ್ಲಿಯೇ ಒಳಮೈ ಹೊರಗೆ ಮಾಡಿ, ಕಂಕುಳ ಹತ್ತಿರ ತೋಳು ಕೂಡುವಲ್ಲಿ ಬೆರಳಾಡಿಸಿ. ಅಂಚನ್ನು ಒಳಗೆ ಮಡಚಿ ಎರಡು ಸಾಲು ಹಾಕಿದ್ದರೆ ಹೊಲಿಗೆ ಚಪ್ಪಟೆಯಾಗಿ ಸಿಗುತ್ತದೆ. ಬರೀ ಓವರ್‌ಲಾಕ್ ಹೊಡೆದಿದ್ದರೆ ದಾರದ ಉಬ್ಬು ಬೆರಳಿಗೆ ತಾಗುತ್ತದೆ. ಉಪ್ಪು, ಬೆವರು ಸೇರಿದ ದಿನ ಆ ಉಬ್ಬೇ ಚರ್ಮ ಕೆರೆಯುವುದು. ಹೊಲಿಗೆಯ ಎರಡೂ ಬದಿ ಹಿಡಿದು ಎಳೆಯಿರಿ. ನಡುವೆ ಬೆಳಕು ಕಂಡರೆ ಅಲ್ಲಿಯೇ ಇಟ್ಟು ಬನ್ನಿ. ಇಂಚಿಗೆ ಹತ್ತು ಹನ್ನೆರಡು ಹೊಲಿಗೆ ಇದ್ದರೆ ಚೆಂದ. ಜೇಬಿನ ಮೂಲೆಗಳಲ್ಲಿ ದಾರವನ್ನು ಒತ್ತೊತ್ತಾಗಿ ಓಡಿಸಿ ಗಟ್ಟಿ ಮಾಡಿದ್ದಾರೆಯೇ ನೋಡಿ. ಇಕ್ಕಳದ ಭಾರಕ್ಕೆ ಮೊದಲು ಹರಿಯುವುದು ಆ ಮೂಲೆ. ಕೊನೆಗೆ ಶರ್ಟ್ ತೊಟ್ಟು ಗಾಳ ಎಸೆಯುವಂತೆ ಎರಡೂ ಕೈ ಹಿಂದಕ್ಕೆ ಎತ್ತಿ. ಸೊಂಟದಿಂದ ಅಂಚು ಮೇಲೆದ್ದರೆ ಅಳತೆ ತಪ್ಪಲ್ಲ, ಕಂಕುಳ ಕತ್ತರಿಕೆಯೇ ತಪ್ಪು. ದೊಡ್ಡ ಸೈಜ್ ಕೊಂಡರೂ ಅದು ಸರಿಹೋಗದು.

ಈ ಪರೀಕ್ಷೆಯಲ್ಲಿ ಕೊಲಂಬಿಯಾದವರ ಮೀನುಗಾರಿಕೆ ಸಾಲಿನ ಬಹಾಮಾ ಶರ್ಟ್ ಚೆನ್ನಾಗಿ ಗೆಲ್ಲುತ್ತದೆ. ಬೆನ್ನಿನ ಮೇಲಿನ ಪಟ್ಟಿಯ ಕೆಳಗೆ ಜಾಳಿಗೆ ಹಾಕಿದ ನಿಜವಾದ ಕಿಂಡಿಯಿದೆ, ಗಾಳಿ ಆಡುತ್ತದೆ. ಬಜಾರಿನ ಕೆಲವು ನಕಲುಗಳಲ್ಲಿ ಪಟ್ಟಿ ಮಾತ್ರ ಇದ್ದು ಕಿಂಡಿಯೇ ಇರುವುದಿಲ್ಲ, ಕೈಹಾಕಿ ನೋಡಿ. ಮೈಗಂಟುವ ಹಿಗ್ಗುವ ಹೆಣಿಗೆಯ ಶರ್ಟುಗಳು ಈಗ ಚಾಲ್ತಿಯಲ್ಲಿವೆ. ತೊಡಲು ಹಾಯಾಗಿರುತ್ತವೆ, ಆದರೆ ಕೊಕ್ಕೆಯ ಮುಳ್ಳು ಒಮ್ಮೆ ತಾಗಿದರೆ ಎಳೆ ಎದ್ದು ಬರುತ್ತದೆ. ನೇಯ್ದ ನೈಲಾನ್ ಅಷ್ಟು ಬೇಗ ಸೋಲುವುದಿಲ್ಲ.

ಕಡಲಿಗೆ ಹೋಗುವವರು ಜಿಪ್ ನೋಡಲೇಬೇಕು. ಜಪಾನಿನ ವೈಕೆಕೆ 1934ರಿಂದ ಇರುವ ಕಂಪನಿ. ಒಳ್ಳೆಯ ಬ್ರ್ಯಾಂಡುಗಳಲ್ಲಿ ಹೆಚ್ಚಿನವು ಅವರ ಜಿಪ್ ಹಾಕುತ್ತವೆ. ಉಪ್ಪು ನೀರಿಗೆ ಲೋಹದ ಹಲ್ಲು ಬೇಡ, ಅಚ್ಚುಹಾಕಿದ ದಪ್ಪ ಪ್ಲಾಸ್ಟಿಕ್ ಹಲ್ಲು ಇರಲಿ. ಮನೆಗೆ ಬಂದೊಡನೆ ಸಿಹಿನೀರಿನಲ್ಲಿ ತೊಳೆಯಿರಿ.

ಬೆಲೆಯ ಮಾತಿಗೆ ಬಂದರೆ, ಗ್ಯಾರಂಟಿಯನ್ನು ಬೆಲೆಯ ಭಾಗವೆಂದೇ ಎಣಿಸಬೇಕು. ಅಮೆರಿಕದ ಎಲ್.ಎಲ್. ಬೀನ್ 1912ರಲ್ಲಿ ಮಾರಿದ ಮೊದಲ 100 ಜೊತೆ ಬೂಟುಗಳಲ್ಲಿ 90 ಹೊಲಿಗೆ ಬಿಟ್ಟು ವಾಪಸು ಬಂದವು, ಆತ ಅಷ್ಟಕ್ಕೂ ಹಣ ಹಿಂದಿರುಗಿಸಿದ. ಆ ಕಂಪನಿಯ ಗಡುವಿಲ್ಲದ ಗ್ಯಾರಂಟಿಯೂ 2018ರಲ್ಲಿ ಒಂದು ವರ್ಷಕ್ಕೆ ಇಳಿಯಿತು. ಪ್ಯಾಟಗೋನಿಯಾ 2011ರಲ್ಲಿ ತನ್ನದೇ ಜಾಕೆಟ್ ಕೊಳ್ಳಬೇಡಿ ಎಂದು ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಪುಟ ತುಂಬ ಜಾಹೀರಾತು ಹಾಕಿತು. ಹರಿದದ್ದನ್ನು ರಿಪೇರಿ ಮಾಡಿಕೊಡುವ ವ್ಯವಸ್ಥೆಯನ್ನೂ ಅದು ನಡೆಸುತ್ತದೆ, ಅದಕ್ಕಾಗಿ ಆ ಕಂಪನಿಯ ಮೇಲೆ ನನಗೆ ಗೌರವ. ಆದರೆ ಶಿವಮೊಗ್ಗದಲ್ಲಿ ಕೂತವರು ಜಾಕೆಟ್ ಕೆಟ್ಟಾಗ ಕೊರಿಯರ್, ಕಸ್ಟಮ್ಸ್ ಎಂದು ಅದನ್ನು ಸಮುದ್ರ ದಾಟಿಸಬೇಕಾದರೆ ಆ ಗ್ಯಾರಂಟಿಗೆ ತೆತ್ತ ಹಣ ಕೈಗೆ ಬರುವುದಿಲ್ಲ. ಡೆಕಾಥ್ಲಾನ್ ಆಗಲಿ, ನಮ್ಮ ಬೆಂಗಳೂರಿನದೇ ಆದ ವೈಲ್ಡ್‌ಕ್ರಾಫ್ಟ್ ಆಗಲಿ, ಹಿಡಿದುಕೊಂಡು ಹೋಗಿ ಕೌಂಟರ್ ಮೇಲೆ ಇಡಬಹುದಾದ ಮಾಲಿಗೆ ನಾನು ಹೆಚ್ಚು ಅಂಕ ಕೊಡುತ್ತೇನೆ. ಶರ್ಟಿನ ವಿಷಯದಲ್ಲಂತೂ ಊರಿನ ಟೈಲರೇ ಸಾಕು.

ದೊಡ್ಡ ರಿಯಾಯಿತಿಯಲ್ಲಿ ಬರುವ ಹಳೇ ಸ್ಟಾಕಿನ ಮಳೆ ಜರ್ಕಿನ್ ಬಗ್ಗೆ ವಿಶೇಷ ಎಚ್ಚರ ಬೇಕು. ಕಡಿಮೆ ಬೆಲೆಯ ಜರ್ಕಿನ್‌ಗಳಲ್ಲಿ ನೀರು ತಡೆಯುವುದು ಒಳಮೈಗೆ ಬಳಿದ ಪಾಲಿಯುರಿಥೇನ್ ಲೇಪ. ಶಾಖ, ತೇವ ಎರಡೂ ಸೇರಿದರೆ ಈ ಲೇಪ ತಾನಾಗಿ ಒಡೆಯುತ್ತದೆ, ತೊಡಲೇಬೇಕೆಂದಿಲ್ಲ. ಕರಾವಳಿಯ ಗೋದಾಮಿನಲ್ಲಿ, ಮಲೆನಾಡಿನ ಬೀರುವಿನಲ್ಲಿ ಮಡಚಿಟ್ಟಲ್ಲಿಯೇ ಅಂಟಂಟಾಗಿ, ಬಿಳಿ ಹೊಟ್ಟು ಉದುರಿ, ಟೇಪ್ ಕಿತ್ತು ಬರುತ್ತದೆ. ಕೊಳ್ಳುವ ಮುನ್ನ ಟೋಪಿಯ ಒಳಭಾಗ ಮೂಸಿ, ಹುಳಿವಾಸನೆ ಬಂದರೆ ಕೆಲಸ ಆಗಲೇ ಕೆಟ್ಟಿದೆ. ಮೊಣಕೈಯ ಒಳಮೈಯನ್ನು ಉಗುರಿಂದ ಮೆಲ್ಲಗೆ ಗೀರಿ, ಎರಡು ಪದರ ಒಂದಕ್ಕೊಂದು ಅಂಟಿ ಬಿಡಿಸಿಕೊಂಡರೆ ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ. ಈಗಾಗಲೇ ಮನೆಯಲ್ಲಿರುವುದನ್ನು ದೀಪಾವಳಿ ಹೊತ್ತಿಗೆ ಸೌಮ್ಯ ಸೋಪಿನಲ್ಲಿ ತೊಳೆದು, ನೆರಳಲ್ಲಿ ಪೂರ್ತಿ ಒಣಗಿಸಿ, ಮಡಚದೆ ಹ್ಯಾಂಗರಿಗೆ ಹಾಕಿ. ಪ್ಲಾಸ್ಟಿಕ್ ಕವರ್ ತೊಡಿಸಬೇಡಿ.