ಲಿಂಕನ್ ಆರಿಸಿದ ಸೇನಾನಿಗಳು

ಒಬ್ಬನಾದ ಮೇಲೊಬ್ಬ ಸೇನಾಪತಿಯನ್ನು ಬದಲಿಸುತ್ತ ಹೋದ ಅಬ್ರಹಾಂ ಲಿಂಕನ್‌ಗೆ ಕೊನೆಗೆ ಗ್ರಾಂಟ್ ಸಿಕ್ಕ, ಯುದ್ಧ ಗೆದ್ದಾಯಿತು. ಅಮೆರಿಕದ ಅಂತರ್ಯುದ್ಧದ ಈ ಕಥೆಯನ್ನು ಓದಿದವರು ಲಿಂಕನ್‌ನನ್ನು ಜನರನ್ನು ಅಳೆಯಬಲ್ಲ ಚತುರನೆಂದು ಹೊಗಳುತ್ತಾರೆ. ನನಗೆ ಇದು ತಿರುವುಮುರುವಾಗಿ ಕಾಣುತ್ತದೆ. ಯುದ್ಧದ ಲೆಕ್ಕಾಚಾರ ಆತನಿಗೆ ಬೇಗ ಒಲಿಯಿತು, ಎಡವಿದ್ದೆಲ್ಲ ಆಳನ್ನು ಆರಿಸುವಲ್ಲಿ.

1832ರ ಬ್ಲ್ಯಾಕ್ ಹಾಕ್ ಯುದ್ಧದ ಸ್ವಯಂಸೇವಕ ದಳದಲ್ಲಿದ್ದದ್ದು ಬಿಟ್ಟರೆ ಆತನಿಗೆ ಸೈನ್ಯದ ಅನುಭವವಿರಲಿಲ್ಲ. ಅಧ್ಯಕ್ಷನಾದ ಮೇಲೆ ಯುದ್ಧಶಾಸ್ತ್ರದ ಪುಸ್ತಕ ತರಿಸಿಕೊಂಡು ಓದಿದ. ಆದರೂ 1862ರ ಜನವರಿಯಲ್ಲಿ ಜನರಲ್ ಬ್ಯುಯೆಲ್‌ಗೆ ಬರೆದ ಪತ್ರದಲ್ಲಿ ತಿರುಳನ್ನೇ ಹಿಡಿದಿದ್ದಾನೆ: ಸೈನಿಕರು ನಮ್ಮಲ್ಲಿ ಹೆಚ್ಚು, ಪಡೆಯನ್ನು ಬೇಗ ಒಂದೆಡೆ ಕೂಡಿಸುವ ಅನುಕೂಲ ಶತ್ರುವಿಗೆ ಹೆಚ್ಚು, ಹಾಗಾಗಿ ಹಲವೆಡೆ ಒಟ್ಟಿಗೇ ಮೇಲೆ ಬೀಳಬೇಕು. ಮರುವರ್ಷ ಜನರಲ್ ಹೂಕರ್‌ಗೆ ಹೇಳಿದ್ದೂ ಅಷ್ಟೇ ಸ್ಪಷ್ಟ: ಗುರಿ ಶತ್ರುವಿನ ರಾಜಧಾನಿ ರಿಚ್‌ಮಂಡ್ ಅಲ್ಲ, ಅವರ ಸೇನಾಪತಿ ಲೀಯ ಸೈನ್ಯ. ಬ್ಯುಯೆಲ್‌ಗೆ ಬರೆದ ಅದೇ 1862ರ ಜನವರಿಯಲ್ಲಿ, ಫೆಬ್ರವರಿ 22ರಂದು ಎಲ್ಲ ಪಡೆಗಳೂ ಹೊರಡಲಿ ಎಂದು ಆಜ್ಞೆ ಹೊರಡಿಸಿದ್ದು ಮಾತ್ರ ಅನನುಭವಿಯ ಅವಸರ.

ನೇಮಕಗಳಿಗೆ ಬಂದರೆ ಚಿತ್ರ ಬೇರೆ. ಮುಂದಡಿಯಿಡಲು ಹಿಂಜರಿಯುತ್ತಿದ್ದ ಸೇನಾಪತಿ ಮೆಕ್ಲೆಲನ್‌ನನ್ನು 1862ರ ನವೆಂಬರ್‌ವರೆಗೆ ಸಹಿಸಿಕೊಂಡದ್ದನ್ನು ಕ್ಷಮಿಸಬಹುದು, ಸೈನಿಕರ ಪ್ರೀತಿ ಆತನ ಬೆನ್ನಿಗಿತ್ತು. ಆದರೆ ಆತನ ಜಾಗಕ್ಕೆ ಬಂದ ಬರ್ನ್‌ಸೈಡ್? ಈ ಹೊಣೆಗೆ ತಾನು ತಕ್ಕವನಲ್ಲ ಎಂದು ಆತನೇ ಹೇಳಿಕೊಂಡಿದ್ದ. ಆದರೂ ಆತನಿಗೇ ಪಟ್ಟ ಕಟ್ಟಲಾಯಿತು. ಡಿಸೆಂಬರ್‌ನ ಫ್ರೆಡರಿಕ್ಸ್‌ಬರ್ಗ್ ಕಾಳಗದಲ್ಲಿ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ ಲಿಂಕನ್‌ನ ಕಡೆಯ ಉತ್ತರದವರು 12,000ಕ್ಕೂ ಹೆಚ್ಚು. ನಂತರ ಬಂದ ಹೂಕರ್‌ಗೆ ಲಿಂಕನ್ ಬರೆದ ಪತ್ರ ಸೊಗಸಾದದ್ದು: ನೀನು ಬರ್ನ್‌ಸೈಡ್‌ಗೆ ಅಡ್ಡಗಾಲು ಹಾಕಿದ್ದು ಗೊತ್ತು, ಸರ್ವಾಧಿಕಾರಿ ಬೇಕೆಂದು ಆಡಿದ್ದೂ ಗೊತ್ತು, ಗೆದ್ದು ತೋರಿಸು ಎಂಬ ಧಾಟಿ. ಇಷ್ಟೆಲ್ಲ ಗೊತ್ತಿದ್ದೂ ಪದವಿ ಕೊಟ್ಟದ್ದೇ ವಿಚಿತ್ರ. 1863ರ ಮೇ ತಿಂಗಳಲ್ಲಿ ಚಾನ್ಸೆಲರ್ಸ್‌ವಿಲ್‌ನಲ್ಲಿ ಹೂಕರ್ ಸೋತ.

ರಾಜಕೀಯ ಲೆಕ್ಕದಿಂದ ಬಂದ ಸೇನಾನಿಗಳದ್ದು ಇನ್ನೂ ದುಬಾರಿ ಕಥೆ. ಜರ್ಮನ್ ವಲಸಿಗರನ್ನು ಒಲಿಸಿಕೊಳ್ಳಲು ಸೀಗಲ್, ರಾಜಕೀಯ ಬೆಂಬಲಕ್ಕಾಗಿ ಬ್ಯಾಂಕ್ಸ್ ಮತ್ತು ಬಟ್ಲರ್. ಯುದ್ಧದ ಮೊದಲ ವರ್ಷ ಜನಬೆಂಬಲ ಕಟ್ಟಲು ಇವರು ಬೇಕಿತ್ತು ಎಂಬ ವಾದವನ್ನು ಒಪ್ಪುತ್ತೇನೆ. 1864ರಲ್ಲಿಯೂ ಬೇಕಿತ್ತೇ? ಆ ವಸಂತದಲ್ಲಿ ಲಿಂಕನ್‌ನ ಹಳೆಯ ಸೂತ್ರದಂತೆಯೇ ಗ್ರಾಂಟ್ ಎಲ್ಲ ದಿಕ್ಕಿನಿಂದ ಏಕಕಾಲಕ್ಕೆ ದಂಡೆತ್ತಲು ಹೊರಟಾಗ ಕೈಕೊಟ್ಟವರು ಈ ಮೂವರೇ.

ಶೈಲೋ ಕಾಳಗದ ನಂತರ ಟೀಕೆಗಳು ಸುರಿದಾಗ ಗ್ರಾಂಟ್‌ನನ್ನು ಉಳಿಸಿಕೊಂಡ ಕೀರ್ತಿ ಲಿಂಕನ್‌ಗೆ ಸಲ್ಲಲೇಬೇಕು. ಆದರೆ ಡೊನೆಲ್ಸನ್ ಕೋಟೆಯನ್ನು ಗ್ರಾಂಟ್ ಗೆದ್ದದ್ದು 1862ರ ಫೆಬ್ರವರಿಯಲ್ಲಿ, ಆತ ಎಲ್ಲ ಸೇನೆಗಳ ಅಧಿಪತಿಯಾದದ್ದು 1864ರ ಮಾರ್ಚ್‌ನಲ್ಲಿ.